ನಡುಬಾಗಿಲಿನ ದ್ವೀಪ

ಊಟ ಮುಗಿದರೂ ಎಲೆಯ ಮುಂದಿನಿಂದ ಏಳದೆ, ಕೈ ಒಣಗಿಸಿಕೊಂಡು ಕಥೆ ಹೇಳುವುದು ಮೇಷ್ಟರಾದ ನಮ್ಮ ಯಜಮಾನರ ಅಭ್ಯಾಸ. ಹಿಂದೂಪುರದ ಮನೆಯಲ್ಲಿ ಒಂದು ಭಾನುವಾರ ಹೇಳಿದರು: ಹಿಂದಿನ ಕಾಲದ ಪುಸ್ತಕಗಳಲ್ಲಿ ಜಗಳ, ಹಸಿವು ಇಲ್ಲದ ನಾಡೆಂದರೆ ಅದು ದ್ವೀಪವೇ ಅಂತೆ, ಪಕ್ಕದ ನೆಲಕ್ಕೆ ಅಂಟಿಕೊಂಡಿದ್ದರೆ ದೊರೆ ನಡುವೆ ಅಗೆಸಿ ಸಮುದ್ರ ಹರಿಸುತ್ತಿದ್ದನಂತೆ.

"ಮೊಸರಿನ ಹೆಪ್ಪು ಕೆಟ್ರೆ ಅಲ್ಲಿ ಹೆಂಗಸ್ರು ಯಾರ ಮನೇಗೆ ಹೋಯ್ತಾರೆ?" ಅಂದೆ.

"ಸಮುದ್ರ ತೋರ್ಸಿದ್ರೂ ಅದ್ರಾಗೆ ಮಜ್ಜಿಗೆ ಹುಡುಕ್ತೀಯ ಕಣೆ," ಎಂದು ನಕ್ಕರು.

ನಗಲಿ. ಹಬ್ಬದ ದಿನ ಮಡಿಯುಟ್ಟು ಅಡುಗೆ ಮಾಡುವ ನನಗೆ ಒಳಗೆ-ಹೊರಗೆ ಎಂಬ ಗೆರೆಗಳ ಮೇಲೆ ಸಿಟ್ಟಿಲ್ಲ. ಆದರೆ ಯಾರನ್ನೂ ಮುಟ್ಟಿಸಿಕೊಳ್ಳದೆ ಮಾಡಿದ ಅಡುಗೆಯನ್ನು ಕೊನೆಗೆ ಎಲ್ಲರಿಗೂ ಬಡಿಸಲೇಬೇಕಲ್ಲವೇ, ನೀವೇ ಹೇಳಿ. ರಾಜ್ಯಗಳನ್ನು ಹಂಚಿದಾಗ ನನ್ನ ಅಕ್ಕನ ಊರು ಮೈಸೂರಿನ ಪಾಲಾಯಿತು, ನಾವೂ ಕಲ್ಯಾಣದುರ್ಗದ ನನ್ನ ತವರೂ ಆಂಧ್ರದಲ್ಲಿ ಉಳಿದೆವು. ಆ ಗಡಿ ದಾಟುವಾಗ ಬಸ್ಸು ಒಮ್ಮೆ ಕುಲುಕುವುದೂ ಇಲ್ಲ, ಅದೊಂದು ದೇವರ ದಯೆ. ನನ್ನನ್ನು ಹೆದರಿಸಿದ ಗಡಿ ಮನೆಯೊಳಗೇ ಇತ್ತು.

ಮಕ್ಕಳ ಜಗಳ ಅಣ್ಣತಮ್ಮಂದಿರಿಗೆ ಅಂಟಿ, ಎರಡು ಪಾಲಾದ ನಮ್ಮ ಮನೆಯ ನಡುಬಾಗಿಲಿಗೆ ಇಟ್ಟಿಗೆ ಕಟ್ಟಿಸುವೆನೆಂದು ಮೈದುನ ಹಟ ಹಿಡಿದ. ನಮ್ಮವರೂ "ಆಗಲಿ, ನೆಮ್ಮದಿ" ಎಂದುಬಿಟ್ಟರು. ಆಚೆ ಇದ್ದವಳು ಅವನ ಹೆಂಡತಿ ಸಾವಿತ್ರಿ, ತಾಯಿಯಿಲ್ಲದವಳು, ದಿನ ತುಂಬಿದ ಬಸುರಿ. ನೋವು ಬಂದು ಕೂಗಿದರೆ ನನಗೆ ಕೇಳಿಸುವುದು ಆ ಬಾಗಿಲಿನಿಂದಲೇ. ದ್ವೀಪ ಅಗೆಸಿದ ದೊರೆಯ ಮನೆಯಲ್ಲಿ ಯಾರೂ ಬಸುರಿ ಇರಲಿಲ್ಲವೇನೋ.

ಗಾರೆಯವನು ಬಂದ ಬೆಳಿಗ್ಗೆ, ಒಂದು ಮೊರ ಹುಣಸೆಹಣ್ಣು ತಂದಿಟ್ಟುಕೊಂಡು ಆ ಹೊಸ್ತಿಲ ಮೇಲೆಯೇ ಕುಳಿತು ಬೀಜ ಬಿಡಿಸತೊಡಗಿದೆ. ಹೊಸ್ತಿಲ ಮೇಲೆ ಕೂರಬಾರದೆಂದು ನನಗೂ ಗೊತ್ತು. ಲಕ್ಷ್ಮಿಗೆ ಕೈಮುಗಿದು, ತಪ್ಪಾಯಿತೆಂದು ಮೊದಲೇ ಹೇಳಿ ಕುಳಿತೆ.

"ಅಮ್ಮಾ, ಕೊಂಚೆಂ ಜರಗಂಡಿ, ಗಾರೆ ಒಣಗ್ತೈತೆ," ಎಂದ ಅವನು. ನಾನು ಜರುಗಲಿಲ್ಲ.

ಮೈದುನ ಸಿಡುಕಿದ: "ಅತ್ತಿಗೆ, ಹೊಸ್ತಿಲ ಮ್ಯಾಲೆ ಕುಂತ್ಕಂಡ್ರೆ ದರಿದ್ರ ಬತ್ತೈತೆ!"

"ಬರ್ಲಿ ಬಿಡಪ್ಪ, ಕೂರಾಕೆ ಜಾಗ ಇಲ್ಲ ಅಂತ ಕಳಿಸ್ತೀನಿ."

ನಮ್ಮವರು ಅತ್ತ ತಿರುಗಿ ಕೆಮ್ಮಿದರು. ನಗು ಬಂದಾಗ ಅವರು ಕೆಮ್ಮುವುದೇ ಹಾಗೆ. ಅಷ್ಟರಲ್ಲಿ ಸಾವಿತ್ರಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಗಂಡನ ಮುಖ ನೋಡಲಿಲ್ಲ. ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ನನ್ನ ಪಕ್ಕದಲ್ಲಿ ಕುಳಿತು, "ಒಸಿ ಜರುಗಕ್ಕ, ನಂಗೂ ಜಾಗ ಬೇಕು," ಎಂದು ಮೊರವನ್ನು ತನ್ನತ್ತ ಎಳೆದುಕೊಂಡಳು.

ಅವಳಿಗೆ ಮಾತ್ರ ಜರುಗಿದೆ. ಬಾಗಿಲು ತುಂಬಿತು. ಗಾರೆಯವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಕಲಸಿದ್ದನ್ನು ಹಾಳುಮಾಡುವುದೇಕೆಂದು ಬಚ್ಚಲುಮನೆಯ ಬಿರುಕಿಗೆ ಮೆತ್ತಿ ಹೊರಟುಹೋದ.