ಹಿತ್ತಿಲಿನ ಬಿಳಿ ಎಕ್ಕ

ಇಂದು ರಥಸಪ್ತಮಿ. ಸ್ನಾನಕ್ಕೆಂದು ಎಕ್ಕದ ಎಲೆ ಮುರಿದೆ. ಬೆರಳಿಗೆ ಅಂಟಿದ ಹಾಲು ತೊಳೆದರೂ ಹೋಗಲಿಲ್ಲ. ಅದರ ಜೊತೆಗೆ ಗುತ್ತಲಿನ ನಮ್ಮ ಹಳೆಯ ಮನೆಯೂ ನೆನಪಿಗೆ ಬಂತು. ಎರಡನೇ ಮಹಾಯುದ್ಧದ ಕಾಲ, ನಾನಾಗ ಎಂಟೊಂಬತ್ತು ವರ್ಷದವಳು. ನೀವೂ ಕೇಳಿರುತ್ತೀರಿ, ನಮ್ಮ ಕಡೆ ಸಿಟ್ಟು ಬಂದರೆ ಮನೆಯಲ್ಲಿ ಎಕ್ಕ ಹುಟ್ಟಲಿ ಎಂದು ಶಪಿಸುತ್ತಾರೆ. ಅಂಥ ಕಡೆ ನಮ್ಮಜ್ಜಿ ಹಿತ್ತಿಲಲ್ಲಿ ಕೈಯಾರೆ ಎಕ್ಕ ಬೆಳೆಸಿದಳು.

ಕಾರಣ ನಮ್ಮ ಚಿಕ್ಕಪ್ಪ. ಅವನ ಇಬ್ಬರು ಹೆಂಡಿರು ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಮೂರನೆಯವಳೂ ಉಳಿಯುವುದಿಲ್ಲವೆಂಬ ಭಯಕ್ಕೆ ಹಿರಿಯರು ಕಂಡುಕೊಂಡ ದಾರಿ, ಮೊದಲು ಎಕ್ಕದ ಗಿಡಕ್ಕೆ ತಾಳಿ ಕಟ್ಟಿ ಅದನ್ನು ಕಡಿದುಹಾಕುವುದು. ಅಲ್ಲಿಗೆ ಮೂರನೆಯವಳು ಹೋದಂತೆ, ಹುಡುಗಿ ನಾಲ್ಕನೆಯವಳು. ವಿಧಿಗೆ ಎಣಿಸಲು ಬರುವುದಿಲ್ಲವೇ ಎಂದು ನಾನು ಕೇಳಿ ಬೈಸಿಕೊಂಡೆ. ಗೊತ್ತಾದ ಹುಡುಗಿ ಪೂರಿಗಾಲಿ ಎಂಬ ಊರಿನವಳು. ಬೇಲಿಯ ಗಿಡ ಆಗದು, ಮನೆಯಲ್ಲೇ ಬೆಳೆದ ಬಿಳಿ ಎಕ್ಕ ಬೇಕೆಂದು ಅವಳಪ್ಪ ಪಟ್ಟು ಹಿಡಿದು, ತಾನೇ ನಾಲ್ಕು ಕಡ್ಡಿ ಕಳಿಸಿದ.

ಚಿಕ್ಕಪ್ಪ ನೆಟ್ಟ ಮೂರೂ ಕೊಳೆತವು. ನಮ್ಮ ಹೊಲಕ್ಕೆ ನಾಲೆ ನೀರು ಬಂದು ಹೆಚ್ಚು ವರ್ಷವಾಗಿರಲಿಲ್ಲ. ಮಳೆ ನಂಬಿ ರಾಗಿ ಬೆಳೆದವರಿಗೆ ಕಂಡದ್ದಕ್ಕೆಲ್ಲ ನೀರು ಹಾಯಿಸುವ ಚಟ ಹತ್ತಿತ್ತು.

“ಎಕ್ಕಕ್ಕೆ ಯಾರಾದ್ರೂ ದಿನಾ ನೀರ್ ಉಯ್ತಾರೇನ್ಲಾ? ಸಾಯಿಸ್ಬುಟ್ಟಲ್ಲ” ಎಂದು ಅಜ್ಜಿ ಗದರಿದಳು. ಚಿಕ್ಕಪ್ಪನ ಮುಖ ಕಪ್ಪಿಟ್ಟಿತು. ಆ ಮಾತು ಅವನಿಗೆ ಎಲ್ಲಿ ನಾಟಿತೆಂದು ನನಗೆ ಆಗ ತಿಳಿಯಲಿಲ್ಲ.

ಉಳಿದ ಒಂದು ಕಡ್ಡಿಯನ್ನು ಅಜ್ಜಿ ಹಾಲು ಆರುವವರೆಗೆ ನೆರಳಲ್ಲಿಟ್ಟು, ತುದಿಗೆ ಬೂದಿ ಹಚ್ಚಿ, ಗೋಡೆ ಬದಿಯ ಮರಳಲ್ಲಿ ನೆಟ್ಟು ಮರೆತವಳಂತೆ ಇದ್ದುಬಿಟ್ಟಳು. ಬೇರು ಬಂತೇ ಎಂದು ನಾನು ಎರಡು ಸಲ ಕಿತ್ತು ನೋಡಿದೆ. ಆದರೂ ಚಿಗುರಿತು. ಎಲೆ ತಿನ್ನಲು ಪಟ್ಟೆಪಟ್ಟೆ ಹುಳು ಬಂದಾಗ ಚಿಕ್ಕಪ್ಪ ಅವನ್ನು ಕೊಲ್ಲದೆ, ಒಂದೊಂದಾಗಿ ಆರಿಸಿ ಬೇಲಿಯ ಎಕ್ಕಕ್ಕೆ ಬಿಟ್ಟು ಬರುತ್ತಿದ್ದ.

ಗಿಡ ಎದೆಯೆತ್ತರ ಬಂದ ಮೇಲೆ ಒಂದು ಬೆಳಿಗ್ಗೆ ಚಿಕ್ಕಪ್ಪ ಅದಕ್ಕೆ ತಾಳಿ ಕಟ್ಟಿದ. ಕುಡುಗೋಲು ಹಿಡಿದವನು ಹಾಗೇ ನಿಂತ.

“ಅವ್ರಿಬ್ರೂ ತಾವಾಗೇ ಓಗ್ಬುಟ್ರು ಕಣವ್ವ. ಇದ್ನ ನನ್ ಕೈಯಾರೆ ಸಾಯಿಸ್ಲಾ?”

“ಕಡೀದೆ ನಾವು ಎಣ್ಣು ಕೊಡಕಿಲ್ಲ” ಎಂದ, ನೋಡಲೆಂದೇ ಬಂದಿದ್ದ ಹುಡುಗಿಯ ಅಪ್ಪ.

ಅಜ್ಜಿ ಕುಡುಗೋಲು ಕಿತ್ತುಕೊಂಡು, ಗೇಣುದ್ದ ಬಿಟ್ಟು ಕಡಿದಳು.

ಎಕ್ಕ ಅಷ್ಟಕ್ಕೆ ಸಾಯುವ ಗಿಡವೇ? ಚಿಕ್ಕಮ್ಮ ಮನೆಗೆ ಬಂದ ತಿಂಗಳೊಳಗೆ ಮೋಟು ಚಿಗುರಿತು. ಗಿಡ ಬದುಕಿದರೆ ಹುಡುಗಿ ಮತ್ತೆ ಮೂರನೆಯವಳೇ ಎಂದು ಕೇರಿಯೆಲ್ಲ ಗಾಬರಿ. ಕೀಳಲು ಬಾಗಿದ ಅಜ್ಜಿಯ ಕೈಯನ್ನು ಚಿಕ್ಕಮ್ಮ ಹಿಡಿದುಕೊಂಡಳು.

“ನಂಗಿಂತ ಮೊದ್ಲು ಬಂದೋಳು ಕಣತ್ತೆ. ಇರ್ಲಿ ಬುಡಿ.”

ಅವಳಷ್ಟು ಧೈರ್ಯದ ಹೆಂಗಸನ್ನು ನಾನು ಕಂಡಿಲ್ಲ ಎಂದು ಅಂದಿನಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಚಿಕ್ಕಮ್ಮ ಈಗ ನನ್ನ ಜೊತೆಗಿದ್ದಾಳೆ. ಇಂದು ಅವಳಿಗೆ ನೀರು ಹಾಕುತ್ತಾ, ಆಗ ಭಯವಾಗಲಿಲ್ಲವೇ ಎಂದು ಕೇಳಿದೆ.

“ಆಗ್ದೆ ಇದ್ದದಾ? ಅದ್ನ ಕಿತ್ರೆ ನನ್ನೇ ಕಿತ್ತಂಗೆ ಅನ್ನುಸ್ಬುಡ್ತು. ದಿನಾ ಎದ್ದು ಮೊದ್ಲು ಅದು ಬದ್ಕಿದ್ದದಾ ಅಂತ ನೋಡಿ, ಆಮ್ಯಾಕೆ ಒಲೆ ಅಚ್ತಿದ್ದೆ.”

“ಎಷ್ಟು ದಿನ?”

“ನಿಮ್ ಚಿಕ್ಕಪ್ಪ ಇರೋ ಗಂಟ.”

ಇಷ್ಟು ವರ್ಷ ನಾನು ಹೊಗಳಿದ ಧೈರ್ಯ ಅವಳಿಗೆ ಒಂದು ದಿನವೂ ಇರಲಿಲ್ಲ. ಅವಳನ್ನು ಒಂದು ಸಲವೂ ಕೇಳದೆ ಹೊಗಳಿದ್ದಕ್ಕೆ ನನಗೆ ನಾಚಿಕೆಯಾಯಿತು.