ಹನ್ನೆರಡನೇ ಖೋಲಿ

ನಿಪ್ಪಾಣಿಯಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಟ್ಯೂಷನ್ ಹೇಳುವವಳಿಗೆ ತಂಬಾಕಿನ ವಾಸನೆ ಹೊಸದೇನಲ್ಲ. ಊರಿಗೆ ಊರೇ ಹಾಗೆ ನಾರುತ್ತದೆ. ನನ್ನ ಮೂಗು ಯಾವತ್ತೋ ಶರಣಾಗಿದೆ. ಆದರೂ ಹೋದ ತಿಂಗಳು ಗೆಳತಿಯರ ಜೊತೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳ ನೋಟ್‌ಬುಕ್ ತಿದ್ದಲು ತೆರೆದಾಗ ಹಾಳೆಯಿಂದ ಘಾಟು ಎದ್ದು ನಾಲ್ಕು ಸಲ ಸೀನಿದೆ. ಹುಡುಗಿ ನಾಚಿಕೊಂಡು, "ನಮ್ಮವ್ವ ತಂಬಾಕಿನ ವಖಾರಿಗೆ ಕೂಲಿಗೆ ಹೋಗ್ತಾಳ್ರಿ. ಆಕೀ ಸೆರಗಿನ ವಾಸ್ನಿ ಎಲ್ಲಾದಕ್ಕೂ ಹತ್ತತೈತ್ರಿ" ಅಂದಳು. ಅವ್ವನ ಹೆಸರು, ತವರೂರು ಕೇಳಿದೆ. ಸುವರ್ಣಾ ಅಂದಳು, ಊರು ನನ್ನದೇ. ಕೆಂಪು ಪೆನ್ನನ್ನು ಕೆಳಗಿಟ್ಟೆ.

ನೀವೂ ಟೆನ್ಸ್ ಕಲಿತು ಬೆವರಿದವರೇ ಇರಬೇಕು. ನಮ್ಮೂರ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಹನ್ನೆರಡು ಚೌಕ ಎಳೆದು, ಚೌಕಕ್ಕೊಂದು ಟೆನ್ಸ್ ಬರೆದು ಗೋಡೆಗೆ ತೂಗುಹಾಕಿದ್ದರು. ಅವುಗಳ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಗಡಿಯ ಜನ ನಾವು, ಕೋಣೆಗೆ ಮರಾಠಿಯವರ ಹಾಗೆ ಖೋಲಿ ಅನ್ನುವವರು. ಮೊದಲನೇ ಖೋಲಿ, ಎರಡನೇ ಖೋಲಿ ಎಂದೇ ಕರೆದೆವು. ದೇವರು ಮನುಷ್ಯನಿಗೆ ನಿನ್ನೆ, ಇವತ್ತು, ನಾಳೆ ಎಂದು ಮೂರೇ ಕೊಟ್ಟಿರುವಾಗ ಇಂಗ್ಲಿಷರಿಗೆ ಹನ್ನೆರಡು ಯಾಕೆ ಬೇಕಾದವೋ! ಹೊತ್ತು ಹೋಗದ ಜನ ಇರಬೇಕು. ಈಗ ಅದರಿಂದಲೇ ಹೊಟ್ಟೆ ಹೊರೆಯುವವಳು ನಾನು, ಹೆಚ್ಚು ಆಡಬಾರದು.

ಮಾಸ್ತರರು ಎಂದೂ ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು ಕೂಡ. ಅವರ ಪದ್ಧತಿ ಬೇರೆ: ತಪ್ಪು ಹೇಳಿದವರ ಮೂಗನ್ನು ಸರಿ ಹೇಳಿದವರು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕಪಾಳಕ್ಕೆ ಹೊಡೆಯಬೇಕು. ಹುಡುಗಿಯರಿಗೆ ಹುಡುಗಿಯರೇ ಹೊಡೆಯಬೇಕೆಂಬ ಮರ್ಯಾದೆ ಬೇರೆ. ಒಂಬತ್ತನೆಯ ತರಗತಿಯಲ್ಲಿ ಹೊಡೆಯುವ ಹುಡುಗಿ ಯಾವಾಗಲೂ ನಾನೇ. ಟಪಾಲು ಕಚೇರಿಯಲ್ಲಿ ಕಾರಕೂನನಾಗಿದ್ದ ನನ್ನ ಅಪ್ಪ ಮನೆಯಲ್ಲಿ ಕೂರಿಸಿ ಬಾಯಿಪಾಠ ಮಾಡಿಸುತ್ತಿದ್ದರು. ಅದನ್ನೇ ನಾನು ಬುದ್ಧಿ ಎಂದು ತಿಳಿದಿದ್ದೆ.

ಸುವರ್ಣಾ ನನ್ನ ಬೆಂಚಿನವಳು. ಅವಳ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಮಾಸ್ತರರು ಕನ್ನಡದಲ್ಲಿ ಕೇಳಿದ್ದನ್ನು ಮರಾಠಿ ಮಾಡಿಕೊಂಡು, ಮರಾಠಿಯಿಂದ ಇಂಗ್ಲಿಷಿಗೆ ದಾಟುವಷ್ಟರಲ್ಲಿ ನನ್ನ ಕೈ ಅವಳ ಮೂಗಿನ ಮೇಲಿರುತ್ತಿತ್ತು. ಆದರೂ ಛಲಗಾತಿ. ದಿನಾ ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು ನನ್ನಿಂದಲೇ ಒಂದೊಂದು ಖೋಲಿ ಕಲಿತಳು. ಕಡೆಗೊಂದು ದಿನ, ನಾನು ತಡವರಿಸಿದ ಪ್ರಶ್ನೆಗೆ ಅವಳು ಥಟ್ಟನೆ ಉತ್ತರ ಕೊಟ್ಟಳು. ಎದ್ದು ಬಂದು ನನ್ನ ಮೂಗು ಹಿಡಿದು, ನೊಣ ಓಡಿಸಿದ ಹಾಗೆ ಕೆನ್ನೆಗೆ ಸುಮ್ಮನೆ ಕೈ ತಾಗಿಸಿದಳು. ಇಡೀ ವರ್ಗ ನಕ್ಕಿತು. ಜೋರಾಗಿ ಹೊಡೆದಿದ್ದರೆ ಮರೆಯುತ್ತಿದ್ದೆನೇನೋ. ಅವಳು ನನಗೆ ಕರುಣೆ ತೋರಿಸಿದ್ದು ನನ್ನಿಂದ ಸಹಿಸಲಾಗಲಿಲ್ಲ.

ಮುಂದಿನ ವಾರ ಅವಳ ತಾಯಿಗೆ ಜ್ವರ ಬಂತು. ತಾಯಿಯ ಬದಲಿಗೆ ಸುವರ್ಣಾ ಒಂದು ದಿನ ವಖಾರಿಗೆ ಹೋಗಿ ತಂಬಾಕಿಗೆ ಜರಡಿ ಹಿಡಿದಳು. ಅವತ್ತೇ ಮಾಸ್ತರರು ಹನ್ನೆರಡನೇ ಖೋಲಿ ಕಲಿಸಿ, ನಾಳೆ ಇದನ್ನೇ ಕೇಳುತ್ತೇನೆ ಎಂದು ಎಚ್ಚರಿಸಿದ್ದರು. ಸಂಜೆ ಅವಳು ನಮ್ಮ ಕಟ್ಟೆಗೆ ಬಂದಾಗ ಕಣ್ಣುರೆಪ್ಪೆಯ ಮೇಲೂ ಪುಡಿ ಕೂತಿತ್ತು.

"ಇವತ್ತ ಏನ್ ಕಲಿಸಿದ್ರಲೇ?"

"ಏನಿಲ್ಲ. ಹಿಂದಿಂದಽ ತಿರಗಿ ಹೇಳಿದ್ರು."

"ಖರೇ?"

"ಖರೇ. ಹನ್ನೊಂದ ಓದ್ಕೊ, ಸಾಕು."

ಹನ್ನೊಂದನ್ನೂ ನನ್ನೆದುರು ಒಪ್ಪಿಸಿದಳು. ಒಂದೂ ತಪ್ಪಲಿಲ್ಲ.

ಮರುದಿನ ಮಾಸ್ತರರು ಮೊದಲು ಎಬ್ಬಿಸಿದ್ದು ಅವಳನ್ನೇ. ಅವಳು ಗೋಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ತಲೆ ತಗ್ಗಿಸಿದಳು. ನಾನು ಉತ್ತರ ಹೇಳಿದೆ, ಅವಳ ಮೂಗು ಹಿಡಿದೆ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. "ಹಿಂಗ ಹೊಡೀಬೇಕ್ ನೋಡ್ರಿ" ಎಂದು ಮಾಸ್ತರರು ಮೆಚ್ಚಿಕೊಂಡರು. ಅವಳಿಗೆ, "ನಿನಗ ಜರಡೀನಽ ಗತಿ ಬಿಡ" ಅಂದರು. ಅವಳು ಅಳಲಿಲ್ಲ. ಮರುದಿನದಿಂದ ಶಾಲೆಗೆ ಬರಲೂ ಇಲ್ಲ. ಬಡವರ ಮನೆಯ ಹುಡುಗಿ, ಇವತ್ತಲ್ಲ ನಾಳೆ ಬಿಡುವವಳೇ ಎಂದು ನಾನು ನನಗೆ ಹೇಳಿಕೊಂಡೆ. ಒಂದು ದಿನವೂ ಅವಳನ್ನು ಕರೆಯಲು ಹೋಗಲಿಲ್ಲ.

ನೋಟ್‌ಬುಕ್ ತೆರೆದ ದಿನವೇ ಸುವರ್ಣಾಳ ಮಗಳ ಕೈಯಲ್ಲಿ ಹೇಳಿ ಕಳಿಸಿದೆ. ಮರುದಿನ ಸಂಜೆ ಸುವರ್ಣಾ ಬಂದಳು. ಬಾಗಿಲಲ್ಲಿ ನಿಂತು "ನಮಸ್ಕಾರ್ರಿ ಮೇಡಂ" ಅಂದವಳು ನನ್ನ ಮುಖ ನೋಡಿ, "ಅಯ್ಯ, ನೀನೇನಲೇ!" ಎಂದು ಎರಡೂ ಕೈ ಹಿಡಿದುಕೊಂಡಳು. ಮಗಳನ್ನು ಹತ್ತಿರ ಕರೆದಳು.

"ನಾ ಹೇಳ್ತಿದ್ನಲ್ಲಾ, ಇಕೀನಽ ನೋಡವಾ. ಮಾಸ್ತರ ಕಲಿಸದಽ ಇದ್ದದ್ದೂ ಇಕೀಗೆ ಬರ್ತಿತ್ತು. ಮನಿಗೆ ಕರದು ಎಷ್ಟ ಹೇಳಿಕೊಟ್ಲು! ನನ್ನ ತಲೀಗೆ ಹತ್ತಲಿಲ್ಲ. ಅವತ್ತಽ ತಿಳೀತು, ಸಾಲಿ ನಮ್ಮಂಥವರಿಗಲ್ಲಂತ."

ನಗುತ್ತಲೇ ಹೇಳಿದಳು. ಚಹಾ ಕೊಟ್ಟು, ನಾನೂ ನಕ್ಕು ಕಳಿಸಿಬಿಡಬಹುದಿತ್ತು. ಆದರೆ ಆ ಹುಡುಗಿ ತನ್ನ ತಾಯಿಯ ದಡ್ಡತನದ ಕತೆಯನ್ನು ತಲೆಯಾಡಿಸುತ್ತ ಕೇಳುತ್ತಿದ್ದಳು. ಎಷ್ಟು ಸಲ ಕೇಳಿದ್ದಳೋ. ಅದನ್ನು ನೋಡಲಾಗಲಿಲ್ಲ.

"ಕಲಿಸಿದ್ರು ಸುವರ್ಣಾ," ಅಂದೆ. "ನೀ ವಖಾರಿಗೆ ಹೋಗಿದ್ದಿಯಲ್ಲಾ, ಅವತ್ತಽ ಕಲಿಸಿದ್ರು. ನಾನಽ ನಿನಗ ಸುಳ್ಳ ಹೇಳಿದ್ನಿ."

ಅವಳು ನನ್ನ ಕೈ ಬಿಟ್ಟಳು. "ಇಪ್ಪತ್ತೆಂಟ್ ವರ್ಷ ನಾ ದಡ್ಡಿ ಅನ್ಕೊಂಡಽ ಬದುಕೀನಿ" ಅಂದಳು. ಕ್ಷಮಿಸು ಎನ್ನಲು ಬಾಯಿ ತೆರೆದೆ. ಅಷ್ಟು ಅಗ್ಗದ ಮಾತು ಆಡಲು ನನಗೇ ನಾಚಿಕೆಯಾಯಿತು.

ಮಗಳನ್ನು ಟ್ಯೂಷನ್ ಬಿಡಿಸುತ್ತಾಳೆ ಅಂದುಕೊಂಡೆ. ಬಿಡಿಸಲಿಲ್ಲ. ಈಗ ವಖಾರಿ ಬಿಟ್ಟ ಮೇಲೆ ದಿನಾ ನೆಟ್ಟಗೆ ಇಲ್ಲಿಗೇ ಬರುತ್ತಾಳೆ. ಕುರ್ಚಿ ಕೊಟ್ಟರೆ ಕೂರುವುದಿಲ್ಲ. ಬಾಗಿಲ ಬಳಿ ನಿಂತು ನಾನು ಹಲಗೆಯ ಮೇಲೆ ಬರೆಯುವುದನ್ನು ಮೊದಲಿಂದ ಕಡೆಯವರೆಗೆ ನೋಡುತ್ತಾಳೆ. ಪಾಠ ಮುಗಿದ ಕೂಡಲೇ ಕೇಳುತ್ತಾಳೆ:

"ಎಲ್ಲಾ ಹೇಳಿದ್ರೇನ್ರಿ ಮೇಡಂ?"

ಎಲ್ಲಾ ಹೇಳೇನಿ, ಅನ್ನುತ್ತೇನೆ. ಅವಳು ಮಗಳ ಕಡೆ ತಿರುಗುತ್ತಾಳೆ.

"ಹೇಳ್ಯಾರೇನವಾ?"

ಹುಡುಗಿ ಹೌದು ಅನ್ನುವವರೆಗೆ ನಾನೂ ನಿಂತೇ ಇರುತ್ತೇನೆ.