ಮರಿಮಾದಣ್ಣನ ಜೀಪಿನ ಟಾಪು

ಅಜ್ಜೀಪುರದಲ್ಲಿ ಬೆಳಿಗ್ಗೆ ಟಕ್ ಟಕ್ ಎಂಬ ಸುತ್ತಿಗೆಯ ಸದ್ದು ಕೇಳಿದರೆ, ಮರಿಮಾದಣ್ಣ ತನ್ನ ಬಾಡಿಗೆ ಜೀಪಿನ ಬಟ್ಟೆ ಟಾಪನ್ನು ತಾನೇ ಬದಲಿಸುತ್ತಿದ್ದಾನೆಂದೇ ಅರ್ಥ. "ನಮ್ ಗಾಡಿ ಅಳ್ತೆ ಟೈಲರ್‌ಗೇನ್ ಗೊತ್ತು ಸಾ?" ಎನ್ನುತ್ತ ಗೇಣಿನಲ್ಲೇ ಅಳೆದು ದಬ್ಬಳದಲ್ಲಿ ಹೊಲಿದು, ಅಂಚಿಗೆ ಸುತ್ತಿಗೆಯಿಂದ ಹಗ್ಗದ ರಿಂಗು ಬಡಿಯುತ್ತಾನೆ. ಒಂದು ಮೂಲೆ ಗಿಡ್ಡವಾದರೆ, ಅದು ಗಾಳಿಗೆಂದೇ ಬಿಟ್ಟದ್ದು ಎನ್ನುತ್ತಾನೆ. ಈ ಸಲ ಒಳಗೆ ಕೂತು ತಲೆಯೆತ್ತಿದ ನಾನು ಬೆಚ್ಚಿಬಿದ್ದೆ. ಹೋದ ತಿಂಗಳು ತೀರಿಕೊಂಡ ಅವನ ಹೆಂಡತಿ ಚಿಕ್ಕತಾಯಮ್ಮ, ಟಾಪಾಗಿ ಹೊಲಿದಿದ್ದ ಶ್ರದ್ಧಾಂಜಲಿಯ ಫ್ಲೆಕ್ಸಿನಿಂದ ನನ್ನನ್ನೇ ನೋಡುತ್ತಿದ್ದಳು. "ಬಸ್ ಸ್ಟಾಂಡಲ್ಲಿ ಬಿಸ್ಲಿಗೆ ಮೊಕ ಬೆಳ್ಳಗಾಯ್ತಿತ್ತು ಸಾ, ಅದ್ಕೆ ಒಳೀಕ್ ತಿರುಗ್ಸಿ ಒಲ್ದೆ," ಎಂದ. "ಬಾಡಿಗೆ ಗಾಡಿ ಕಣಯ್ಯ! ಸತ್ತವರ ಫ್ಲೆಕ್ಸಿನ ಕೆಳಗೆ ಯಾರು ಕೂರ್ತಾರೆ? ನಿನ್ನ ಹೊಟ್ಟೆಪಾಡು..." ನನ್ನ ಮಾತು ಮುಗಿಯುವ ಮೊದಲೇ ಅವನು ಹೆಗಲ ಟವೆಲಿನಿಂದ ಅವಳ ಕೆನ್ನೆಯ ಮೇಲಿನ ಧೂಳೊರೆಸಿ, ಜೀಪನ್ನೂ ನನ್ನನ್ನೂ ಅಲ್ಲೇ ಬಿಟ್ಟು ಮನೆಯತ್ತ ನಡೆದುಬಿಟ್ಟ.